‘ಯಾವ ಓಣಿ?’ ಅನ್ನೋ ಪ್ರಶ್ನೆ ಟೋಕಿಯೋದಲ್ಲೂ ಐತಿ



ಬರಹ ಉದ್ದ ಐತಿ, ಟೈಮ್ ಮಾಡ್ಕೊಂಡು ಓದ್ರಿ. ರಾಯಚೂರಿನ ಒಬ್ಬ ಗುಮಾಸ್ತ ಅಮೆರಿಕ, ಜಪಾನ್ ಬಗ್ಗೆ ಯಾಕೆ ಬರೀತಾನೆ, ಮಾನ್ವಿ ಕಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಲ್ಲ, ದೇವದುರ್ಗದ ಕೇರಿ, ತಾಂಡಾಗಳಿಂದ ಗುಳೆ ಹೋಗೋದು ನಿಂತಿಲ್ಲ, ಅದನ್ನ ಬರೀಲಿ ಅಂತ ಕಾಮೆಂಟ್ ಹಾಕೋರು ಇದ್ದೇ ಇರ್ತಾರೆ. ಅದನ್ನೂ ಬರ್ದೀನಿ, ಮುಂದೂ ಬರೀತೀನಿ. ಆದರೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮಾನ್ವಿಯ ನೀರಿನ ಸುದ್ದಿ ಬರೋದೇ ಇಲ್ಲ. ಬರೋದು ಎರಡೇ ದೇಶದ ಸುದ್ದಿ. ಬೆಳಿಗ್ಗೆ ಗುಡ್ ಮಾರ್ನಿಂಗ್ ಜೊತೆ ಜಪಾನ್, ರಾತ್ರಿ ಊಟ ಆದಮೇಲೆ ಅಮೆರಿಕ. ಜಪಾನ್ ಅಂದರೆ ಶಿಸ್ತು, ಸ್ವಚ್ಛತೆ, ರೈಲು ಒಂದು ನಿಮಿಷ ಲೇಟ್ ಆದರೂ ಕ್ಷಮೆ ಕೇಳೋ ಮಂದಿ. ಅಮೆರಿಕ ಅಂದರೆ ಮೆರಿಟ್ಟು. ಈ ಎರಡು ದೇಶದ ಹೆಸರು ಹೇಳಿ ನಮಗೆ ಪಾಠ ಮಾಡೋರಿಗೆ ಆ ದೇಶಗಳು ಎಷ್ಟು ಗೊತ್ತು ಅಂತ ನೋಡೋಣ ಅಂತ ಕೆಲವು ವರ್ಷದಿಂದ ನಾನೂ ಓದ್ತಾ ಬಂದೀನಿ. ಓದಿದ್ದನ್ನ ನಿಮ್ಮ ಮುಂದೆ ಇಡ್ತಿದೀನಿ.

ಮೊದಲು ಜಪಾನ್.

2022ರಲ್ಲಿ ಕತಾರ್‌ನಲ್ಲಿ ಫುಟ್ಬಾಲ್ ವಿಶ್ವಕಪ್ ನಡೆದಾಗ, ಪಂದ್ಯ ಮುಗಿದ ಮೇಲೆ ಜಪಾನಿನ ಪ್ರೇಕ್ಷಕರು ನೀಲಿ ಚೀಲ ಹಿಡಿದು ಗ್ಯಾಲರಿಯ ಕಸ ಎತ್ತಿದ ವಿಡಿಯೋ ನೀವೂ ನೋಡಿರ್ತೀರಿ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿ ಗುಡಿಸಿ ಒರೆಸೋ ವಿಡಿಯೋನೂ ಬಂದಿರ್ತದೆ. ಎರಡೂ ಖರೆ. ಎರಡೂ ಒಳ್ಳೆಯವೇ. ಸಾಹುಕಾರನ ಮಗನೂ ಕೂಲಿಯವನ ಮಗನೂ ಒಟ್ಟಿಗೆ ಪೊರಕೆ ಹಿಡೀತಾರೆ ಅಂದರೆ ನಾನು ಕೈಮುಗೀತೀನಿ. ಆದರೆ ಈ ವಿಡಿಯೋನ ವಾರಕ್ಕೊಮ್ಮೆ ಕಳಿಸೋ ನಮ್ಮ ಸಹೋದ್ಯೋಗಿಯೊಬ್ಬರ ಮನೆ ಮುಂದೆ ಚರಂಡಿ ಕಟ್ಟಿದರೆ ಫೋನ್ ಬರೋದು ನನಗೆ. ‘ನಿಮ್ಮ ಕಡೆಯವರು ಯಾರಾದ್ರೂ ಅದಾರೇನ್ರೀ, ಐನೂರು ಕೊಡ್ತೀನಿ.’ ನಾನು ಅವರ ಮೇಜಿನ ಪಕ್ಕದಲ್ಲೇ ಫೈಲ್ ಬರೆಯೋನು. ನನ್ನ ಫೋನಿನಲ್ಲಿ ಚರಂಡಿ ಬಳಿಯೋರ ನಂಬರ್ ಇದ್ದೇ ಇರ್ತದೆ ಅಂತ ಅವರಿಗೆ ಹೆಂಗೆ ಗೊತ್ತಾಯ್ತೋ.

ಶಾಲೆ ಸ್ವಚ್ಛ ಮಾಡೋ ಮಕ್ಕಳು ನಮ್ಮಲ್ಲೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ಸರಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದರು. ಅವರು ಯಾವ ಮಕ್ಕಳು ಅಂತ ನಾನು ಹೇಳಬೇಕಾಗಿಲ್ಲ. ಆ ವಿಡಿಯೋ ನಮ್ಮ ಆಫೀಸ್ ಗುಂಪಿಗೆ ಬರಲಿಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಇಷ್ಟು ಸ್ವಚ್ಛ ಇರೋ ಜಪಾನಿನಲ್ಲಿ ಸತ್ತ ದನ ಎಳೆಯೋರು ಯಾರು, ಚರ್ಮ ಸುಲಿಯೋರು ಯಾರು, ಮಾಂಸ ಕಡಿಯೋರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ನನಗೆ ಸಿಕ್ಕ ಪದ ‘ಬುರಾಕು’. ಜಪಾನಿ ಭಾಷೆಯಲ್ಲಿ ಅದಕ್ಕೆ ಸುಮ್ಮನೆ ಹಳ್ಳಿ, ಕೇರಿ ಅಂತ ಅರ್ಥ. ಕೇರಿಯವರು ಅಂದರೆ ಸಾಕು, ಅವರಿಗೆ ತಿಳೀತದೆ. ನಮ್ಮಲ್ಲಿ ‘ಆ ಕಡೆಯವರು’ ಅಂದ ಹಂಗೆ.

ಟೊಕುಗಾವಾ ಮನೆತನ 1603ರಿಂದ 1868ರ ತನಕ ಆಳಿದ ಕಾಲದಲ್ಲಿ ಸಮಾಜನ್ನ ಮೆಟ್ಟಿಲು ಮೆಟ್ಟಿಲು ಮಾಡಿದ್ದರು. ಮೇಲೆ ಸಮುರಾಯಿಗಳು, ಕೆಳಗೆ ಒಕ್ಕಲಿಗರು, ಕುಶಲಕರ್ಮಿಗಳು, ವ್ಯಾಪಾರಿಗಳು. ಈ ನಾಲ್ಕಕ್ಕೂ ಹೊರಗೆ ಇನ್ನೆರಡು ಗುಂಪು: ಎತಾ ಮತ್ತು ಹಿನಿನ್. ‘ಎತಾ’ ಅಂತ ಬರೆಯೋ ಅಕ್ಷರಗಳಿಗೆ ‘ಹೇರಳ ಹೊಲಸು’ ಅಂತ ಅರ್ಥ, ‘ಹಿನಿನ್’ ಅಂದರೆ ಮನುಷ್ಯ ಅಲ್ಲದವನು. ನಾಲ್ಕು ವರ್ಣ, ಅದಕ್ಕೆ ಹೊರಗಿನವರು, ಹೊಲೆ ಅನ್ನೋ ಮಾತು. ಓದ್ತಾ ಓದ್ತಾ ನಾನು ಎದ್ದು ನೀರು ಕುಡಿದು ಬಂದೆ. ಮನುಸ್ಮೃತಿ ಓದದ ದೇಶಕ್ಕೆ ಇದನ್ನ ಕಲಿಸಿದವರು ಯಾರು? ಸತ್ತದ್ದನ್ನ ಮುಟ್ಟಿದರೆ ಮೈಲಿಗೆ, ಪ್ರಾಣಿ ಕೊಂದರೆ ಪಾಪ ಅನ್ನೋ ನಂಬಿಕೆ, ಅದಕ್ಕೆ ಆಳೋರ ಕಾನೂನು ಜೋಡಣೆ. ಚರ್ಮ ಮಾತ್ರ ಎಲ್ಲರಿಗೂ ಬೇಕಿತ್ತು. ಕುದುರೆಯ ತಡಿಗೂ ಬೇಕು, ಸಮುರಾಯಿಯ ಕವಚಕ್ಕೂ ಬೇಕು.

ಡೋಲಿಗೂ ಬೇಕು. ಜಪಾನಿನ ‘ತೈಕೋ’ ಅನ್ನೋ ದೊಡ್ಡ ಡೋಲು ನೋಡಿರ್ತೀರಿ. ಗುಡಿ ಉತ್ಸವದಲ್ಲಿ ಬಾರಿಸ್ತಾರೆ, ವಿದೇಶದಲ್ಲೆಲ್ಲ ಅದರ ಪ್ರದರ್ಶನ ನಡೀತದೆ. ಅದರ ಚರ್ಮ ಹದ ಮಾಡಿ, ಎಳೆದು, ಬಿಗಿದು ಕೊಡೋ ಕೆಲಸ ತಲೆತಲಾಂತರದಿಂದ ಬುರಾಕು ಮಂದಿಯದು. ಒಸಾಕಾ ನಗರದ ನಾನಿವಾ ಅನ್ನೋ ಭಾಗ ಡೋಲು ಮಾಡೋರ ಕೇರಿ. ಡೋಲು ಪವಿತ್ರ, ಮಾಡಿದ ಕೈ ಮೈಲಿಗೆ. ನಮ್ಮ ಕಡೆ ಹಲಗಿ ಇಲ್ಲದೆ ಊರಲ್ಲಿ ಜಾತ್ರೆ ನಡೆಯಲ್ಲ, ಹೆಣ ಎತ್ತಲ್ಲ. ಹಲಗಿ ಬಾರಿಸಿದವನು ಗುಡಿ ಕಟ್ಟೆ ಹತ್ತಂಗಿಲ್ಲ. 1987ರಲ್ಲಿ ಆ ನಾನಿವಾ ಕೇರಿಯ ಹುಡುಗರು ತಾವೇ ಒಂದು ಡೋಲಿನ ತಂಡ ಕಟ್ಟಿದರು. ಹೆಸರು ‘ಇಕಾರಿ’, ಅಂದರೆ ಸಿಟ್ಟು. ನೂರಾರು ವರ್ಷ ಡೋಲು ಮಾಡಿಕೊಟ್ಟವರು ತಾವೇ ಬಾರಿಸೋಕೆ ನಿಂತದ್ದು ಆಗ. ನಮ್ಮ ಕಲಾತಂಡದ ಹುಡುಗರಿಗೆ ಇದನ್ನ ಹೇಳಿದಾಗ ಒಬ್ಬ ಅಂದ, ‘ಅಣ್ಣಾ, ನಮ್ ತಂಡಕ್ಕ ಇದ ಹೆಸರು ಇಡಬೇಕಿತ್ತಲ್ಲ.’

1871ರಲ್ಲಿ ಮೆಯಿಜಿ ಸರಕಾರ ಎತಾ, ಹಿನಿನ್ ಅನ್ನೋ ಹೆಸರುಗಳನ್ನೇ ರದ್ದು ಮಾಡಿ ಎಲ್ಲರೂ ಸಮಾನರು ಅಂತ ಆಜ್ಞೆ ಹೊರಡಿಸಿತು. ನಮ್ಮ ಸಂವಿಧಾನಕ್ಕಿಂತ 79 ವರ್ಷ ಮೊದಲು! ಏನಾಯ್ತು? ಕಾಗದದ ಮೇಲೆ ಎಲ್ಲರೂ ಪ್ರಜೆಗಳು, ಇವರು ಮಾತ್ರ ‘ಹೊಸ ಪ್ರಜೆಗಳು’. ಹೊಸ ಅನ್ನೋ ಒಂದು ಪದದಲ್ಲಿ ಹಳೇದೆಲ್ಲ ವಾಪಸ್ ಬಂತು. 1873ರಲ್ಲಿ ಮಿಮಾಸಾಕಾ ಅನ್ನೋ ಕಡೆ ಒಕ್ಕಲಿಗರು ದಂಗೆ ಎದ್ದು ಕೇರಿಗಳಿಗೆ ಬೆಂಕಿ ಇಟ್ಟರು, ಜನರನ್ನ ಕೊಂದರು. ಕಂಬಾಲಪಲ್ಲಿ ನೆನಪಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದೊಡ್ಡ ವ್ಯತ್ಯಾಸ ಐತಿ. ಬುರಾಕು ಮಂದಿಯ ಬಣ್ಣ, ಭಾಷೆ, ಹೆಸರು, ದೇವರು ಎಲ್ಲ ಉಳಿದ ಜಪಾನಿಯರ ಹಂಗೇ. ನೋಡಿ ಗುರುತಿಸೋಕೆ ಆಗಲ್ಲ. ಹಂಗಾರೆ ಗುರುತಿಸೋದು ಹೆಂಗೆ? ವಿಳಾಸದಿಂದ.

1872ರಲ್ಲಿ ಜಪಾನ್ ಸರಕಾರ ಮನೆಮನೆಯ ಕುಟುಂಬ ರಿಜಿಸ್ಟರ್ ಮಾಡಿಸಿತು. ಕೆಲವು ಕಡೆ ಅದರಲ್ಲಿ ಹಳೆ ಜಾತಿಯ ಗುರುತೂ ಸೇರಿಕೊಂಡಿತ್ತು. ಹಿಂದಿನ ವರ್ಷ ರದ್ದಾದ ಹೆಸರು ಮುಂದಿನ ವರ್ಷ ಸರಕಾರಿ ದಫ್ತರದಲ್ಲಿ! ಬರೆದವನು ನನ್ನಂಥ ಒಬ್ಬ ಗುಮಾಸ್ತನೇ ಇರಬೇಕು. ಬೇಕಾದವರು ಹೋಗಿ ಆ ರಿಜಿಸ್ಟರ್ ನೋಡಬಹುದಿತ್ತು. ಮದುವೆಗೆ ಮುಂಚೆ ನೋಡ್ತಿದ್ದರು, ಕೆಲಸ ಕೊಡೋಕೆ ಮುಂಚೆ ನೋಡ್ತಿದ್ದರು. ಹೋರಾಟ ನಡೆದು 1968ರಲ್ಲಿ ಅದನ್ನ ಮುಚ್ಚಿ ಮೊಹರು ಹಾಕಿದರು. ರಿಜಿಸ್ಟರ್ ಮುಚ್ಚಿದ ಮೇಲೆ ಸುಮ್ಮನಾದರೇನು? 1975ರಲ್ಲಿ ಒಂದು ಪುಸ್ತಕ ಬಯಲಾಯಿತು. ದೇಶದಲ್ಲಿರೋ ಬುರಾಕು ಕೇರಿಗಳ ಹೆಸರು, ಎಲ್ಲಿ ಅದಾವೆ, ಅಲ್ಲಿ ಮಂದಿ ಏನು ಕೆಲಸ ಮಾಡ್ತಾರೆ, ಎಲ್ಲ ಪಟ್ಟಿ ಮಾಡಿ ಗುಟ್ಟಾಗಿ ಮಾರ್ತಿದ್ದರು. ಕೊಂಡವರು 200ಕ್ಕೂ ಹೆಚ್ಚು ಕಂಪನಿಗಳು. ದೊಡ್ಡ ದೊಡ್ಡ ಕಂಪನಿಗಳೂ ಇದ್ದವು. ಅರ್ಜಿ ಬಂದರೆ ವಿಳಾಸ ನೋಡೋದು, ಪುಸ್ತಕ ತೆಗೆಯೋದು, ತಾಳೆ ಹಾಕೋದು, ಅರ್ಜಿ ಕಸದ ಬುಟ್ಟಿಗೆ. ಹೊಲಸು ಬಯ್ಯೋದಿಲ್ಲ, ಹೊಡೆಯೋದಿಲ್ಲ. ಬಹಳ ಮರ್ಯಾದಸ್ಥ ಅಸ್ಪೃಶ್ಯತೆ.

ನಮ್ಮಲ್ಲಿ ಆ ಪುಸ್ತಕ ಬೇಕಾಗಿಲ್ಲ, ಬಾಯಲ್ಲೇ ಐತಿ. ರಾಯಚೂರು ಸಿಟಿಯಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲ ಆ ಪ್ರಶ್ನೆಗಳ ಸಾಲು ಗೊತ್ತು. ಯಾವ ಊರ್ರೀ ನಿಮ್ದು? ದೇವದುರ್ಗ ಕಡೆ. ದೇವದುರ್ಗದಾಗ ಯಾವ ಊರು? ಆ ಊರಾಗ ಯಾವ ಓಣಿ? ಓಣಿ ಹೇಳದಿದ್ದರೆ ಅಪ್ಪನ ಹೆಸರು. ಅಪ್ಪನ ಹೆಸರಲ್ಲೂ ಗೊತ್ತಾಗದಿದ್ದರೆ ಮನೆದೇವರು. ಕೊನೆಗೆ, ‘ನಾನ್‌ವೆಜ್ ಮಾಡ್ತೀರೇನು? ನಮಗೇನಿಲ್ಲ, ಮನ್ಯಾಗ ಹಿರೇರು ಅದಾರ.’ ನನಗೆ ಮನೆ ಸಿಗೋ ಹೊತ್ತಿಗೆ 11 ಮನೆ ನೋಡಿದ್ದೆ. ಹನ್ನೊಂದರಲ್ಲಿ ಒಬ್ಬರೂ ಜಾತಿ ಯಾವುದು ಅಂತ ಬಾಯಿಬಿಟ್ಟು ಕೇಳಲಿಲ್ಲ.

ಒಂದು ಮಾತು ನಮ್ಮ ನಮ್ಮೊಳಗೂ ಹೇಳಿಬಿಡ್ತೀನಿ, ಸಿಟ್ಟಾಗಬ್ಯಾಡ್ರಿ. ಎಡಗೈ, ಬಲಗೈ ಅಂತ ನಾವೂ ಓಣಿ ಕೇಳ್ತೀವಿ. ಸಮಾವೇಶದಲ್ಲಿ ಒಂದೇ ಸ್ಟೇಜು, ಸಂಬಂಧ ಬೆಳೆಸೋ ಮಾತು ಬಂದರೆ ಬೇರೆ ಬೇರೆ ಓಣಿ. ಎತಾ ಮತ್ತು ಹಿನಿನ್ ನಡುವೆಯೂ ಮೇಲು ಕೀಳು ಇತ್ತಂತೆ.

ಇದೆಲ್ಲ ಓದಿ ನನ್ನ ಪಾಡಿಗೆ ನಾನು ಇಟ್ಕೊಂಡಿದ್ದೆ. ಈಗ ಬರೆಯೋಕೆ ಕಾರಣ ಒಬ್ಬ ಹುಡುಗಿ. ದೇವದುರ್ಗ ತಾಲೂಕಿನವಳು, ನಮ್ಮ ಸಂಘಟನೆಯ ಹಳೆಯ ಗೆಳೆಯನ ಮಗಳು. ಅವಳಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡಿ ಓದಿಸಿದ್ದಾರೆ. ನರ್ಸಿಂಗ್ ಮುಗಿಸಿ ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡ್ತಾಳೆ. ಜಪಾನಿನಲ್ಲಿ ಮುದುಕರು ಹೆಚ್ಚಾಗಿ ನೋಡಿಕೊಳ್ಳೋರು ಇಲ್ಲ, ಅಲ್ಲಿಗೆ ಕೆಲಸಗಾರರನ್ನ ಕಳಿಸೋಕೆ ಭಾರತ ಸರಕಾರ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಮುದುಕರ ಆರೈಕೆ ಕೆಲಸಕ್ಕೆ ಹೋಗಬೇಕು ಅಂತ ಈಕೆ ಮೊಬೈಲಿನಲ್ಲೇ ಜಪಾನಿ ಕಲೀತಿದ್ದಾಳೆ. ಒಂದು ಭಾನುವಾರ ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಳ್ಳೋಕೆ ಬಂದಳು. ತುಂಬ್ತಾ ತುಂಬ್ತಾ ಕೇಳಿದಳು:

‘ಕಾಕಾ, ಅಲ್ಲಿ ಜಾತಿ ಇರಂಗಿಲ್ಲ ಅಲ್ಲೇನು? ಅವರು ಬುದ್ಧನ ಮಂದಿ.’

ಏನು ಹೇಳ್ತೀರಿ? ಇಲ್ಲ ಅಂದರೆ ಸುಳ್ಳು. ಐತಿ ಅಂದರೆ ಹುಡುಗಿಯ ಹುರುಪು ಇಳೀತದೆ. ನಾನು ಒಂದು ಕಾದಂಬರಿಯ ಕಥೆ ಹೇಳಿದೆ. 1906ರಲ್ಲಿ ಶಿಮಾಜಾಕಿ ತೋಸೋನ್ ಬರೆದ ‘ಹಾಕಾಯ್’, ಅಂದರೆ ಮುರಿದ ಕಟ್ಟಳೆ. ಬುರಾಕು ಹುಡುಗ ಉಶಿಮಾತ್ಸು ಓದಿ ಮೇಷ್ಟ್ರು ಆಗಿರ್ತಾನೆ. ಏನೇ ಆದರೂ ಜಾತಿ ಹೇಳಬೇಡ ಅಂತ ಅವನ ಅಪ್ಪ ಆಣೆ ಹಾಕಿಸಿಕೊಂಡಿರ್ತಾನೆ. ಮುಚ್ಚಿಟ್ಟು ಮುಚ್ಚಿಟ್ಟು ಒಳಗೇ ಬೇಯ್ತಾನೆ. ಕೊನೆಗೆ ತರಗತಿಯಲ್ಲಿ ಮಕ್ಕಳ ಮುಂದೆ ನೆಲಕ್ಕೆ ಬಿದ್ದು, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಕ್ಷಮಿಸಿ ಅಂತ ಕೇಳಿ ಊರು ಬಿಡ್ತಾನೆ. ಎಲ್ಲಿಗೆ ಹೋಗ್ತಾನೆ ಗೊತ್ತೇನು? ಅಮೆರಿಕದ ಟೆಕ್ಸಸ್‌ಗೆ!

ಹುಡುಗಿ ಕೇಳಿದ ಮೊದಲ ಮಾತು: ‘ಅಂವ ಯಾಕ ಕ್ಷಮೆ ಕೇಳಬೇಕು?’

ಇದನ್ನೇ ಬುರಾಕು ಚಳವಳಿಯ ಮಂದಿಯೂ ಕೇಳಿದ್ದರು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಅವರು ‘ಸುಯಿಹೇಯ್‌ಶಾ’ ಅನ್ನೋ ಸಂಘ ಕಟ್ಟಿದರು. ಸಮತೆಯವರ ಸಂಘ ಅಂತ ಅರ್ಥ ಮಾಡ್ಕೊಳ್ರಿ. ಇನ್ನೊಬ್ಬರ ಕರುಣೆ ನಮಗೆ ಬೇಡ, ನಮ್ಮ ಬಿಡುಗಡೆ ನಮ್ಮ ಕೈಯಿಂದಲೇ ಅಂತ ಘೋಷಿಸಿದರು. ಎತಾ ಆಗಿರೋದಕ್ಕೆ ಹೆಮ್ಮೆಪಡೋ ಕಾಲ ಬಂತು ಅಂತ ಘೋಷಣೆಯಲ್ಲೇ ಬರೆದರು, ಬೈಗುಳದ ಆ ಪದವನ್ನೇ ಎತ್ತಿ ಹಿಡಿದು. ಬಾವುಟ ಕಪ್ಪು ಬಟ್ಟೆ, ನಡುವೆ ಕೆಂಪು ಮುಳ್ಳಿನ ಕಿರೀಟ. ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಐದು ವರ್ಷದ ಅಂತರ, ಅದೇ ಮಾರ್ಚ್ ತಿಂಗಳು.

ಹೋರಾಟದಿಂದ ಅವರಿಗೆ ಸಿಕ್ಕದ್ದೂ ಐತಿ. 1969ರಲ್ಲಿ ವಿಶೇಷ ಕಾನೂನು ಬಂತು. ಕೇರಿಗಳಿಗೆ ಮನೆ, ರಸ್ತೆ, ಶಾಲೆ, ವಿದ್ಯಾರ್ಥಿವೇತನ ಬಂತು. 2002ರಲ್ಲಿ ‘ಸಾಕು, ಎಲ್ಲ ಸರಿಹೋಯಿತು’ ಅಂತ ನಿಲ್ಲಿಸಿದರು. ಸರಿಹೋಗಿದ್ದರೆ 2016ರಲ್ಲಿ ಬುರಾಕು ತಾರತಮ್ಯ ನಿವಾರಣೆಗೆ ಅಂತ ಮತ್ತೊಂದು ಕಾನೂನು ಯಾಕೆ ಬೇಕಾಯ್ತು? ಆ ಕಾನೂನಿನಲ್ಲಿ ಶಿಕ್ಷೆಯ ಕಲಮೇ ಇಲ್ಲ. ಟೋಕಿಯೋದ ಶಿಬಾಉರಾ ಮಾಂಸದ ಮಾರುಕಟ್ಟೆಯಲ್ಲಿ ಕೆಲಸ ಮಾಡೋರಿಗೆ ಬೈದು ಬರೆದ ಪತ್ರಗಳು ಬರ್ತಾವೆ. ತಟ್ಟೆಯಲ್ಲಿ ಅದೇ ದನದ ಮಾಂಸ ಜಗತ್ತಿಗೇ ತುಟ್ಟಿ ತಿನಿಸು. ರಾಜಕೀಯದಲ್ಲಿ ನೋನಾಕಾ ಹಿರೋಮು ಅಂತ ಬುರಾಕು ಮೂಲದ ಒಬ್ಬ ನಾಯಕ ಸಂಪುಟದ ಮುಖ್ಯ ಕಾರ್ಯದರ್ಶಿ ಹುದ್ದೆ ತನಕ ಏರಿದ, ಅದು ಪ್ರಧಾನಿಯ ಬಲಗೈಯಂಥ ಹುದ್ದೆ. ಪ್ರಧಾನಿ ಆಗಲಿಲ್ಲ. ನಮ್ಮ ಪಕ್ಕದ ಕಲಬುರಗಿಯ ಖರ್ಗೆ ಸಾಹೇಬರು ಸತತ 9 ಸಲ ವಿಧಾನಸಭೆ ಗೆದ್ದರೂ ಮುಖ್ಯಮಂತ್ರಿ ಆಗಲಿಲ್ಲ. ಅಷ್ಟೇ ಹೇಳ್ತೀನಿ, ಪಕ್ಷ ರಾಜಕೀಯ ಇಲ್ಲಿ ಬ್ಯಾಡ.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಇಶಿಕಾವಾ ಕಾಜುವೋ. 1963ರಲ್ಲಿ ಸಯಾಮಾ ಅನ್ನೋ ಊರಲ್ಲಿ ಶಾಲೆ ಹುಡುಗಿಯ ಕೊಲೆ ಆಯ್ತು. ಪೊಲೀಸರು ಬುರಾಕು ಕೇರಿಗೆ ನುಗ್ಗಿ 24 ವರ್ಷದ ಈ ಹುಡುಗನನ್ನ ಹಿಡಿದರು. ಓದು ಬರಹ ಸರಿಯಾಗಿ ಬಾರದವನು, ಬೆದರಿಕೆ ಪತ್ರ ಇವನೇ ಬರೆದ ಅಂದರು. ಮೊದಲು ಗಲ್ಲು, ಆಮೇಲೆ ಜೀವಾವಧಿ. ಜೈಲಿನಲ್ಲೇ ಅಕ್ಷರ ಕಲಿತ. 1994ರಲ್ಲಿ ಪೆರೋಲ್ ಮೇಲೆ ಹೊರಬಂದ. ಮರುವಿಚಾರಣೆ ಮಾಡ್ರಿ ಅಂತ ಕೇಳ್ತಾ ಕೇಳ್ತಾ 2025ರ ಮಾರ್ಚ್ ತಿಂಗಳಲ್ಲಿ 86ನೇ ವಯಸ್ಸಿಗೆ ತೀರಿಕೊಂಡ. ನಮ್ಮ ಯಾವ ಪೇಪರಿನಲ್ಲೂ ಆ ಸುದ್ದಿ ನಾನು ನೋಡಲಿಲ್ಲ.

ಈಗ ಅಮೆರಿಕ. ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ನಿಮಗೆ ಇದು ಹೆಚ್ಚು ಗೊತ್ತು. ಬಾಬಾಸಾಹೇಬರು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮೇಲೆ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹುಟ್ಟಿದ ಮೇಲೆ ಮೊದಲ ಸಲ ಯಾವ ಓಣಿ ಅಂತ ಕೇಳದ ಊರಲ್ಲಿ ಅವರು ಉಂಡು, ಮಲಗಿ, ಓದಿದ್ದು ನ್ಯೂಯಾರ್ಕಿನಲ್ಲಿ. ಆದರೆ ಅದೇ ಊರಲ್ಲಿ ಕಪ್ಪು ಮಂದಿಗೆ ಹಾರ್ಲೆಮ್ ಅನ್ನೋ ಬೇರೆ ಓಣಿ ಇತ್ತು. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬೊಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕೊಟ್ಟ ಕಪ್ಪು ಜನರ ಮನವಿಯ ಪ್ರತಿ ಬೇಕು, ನಾವೂ ಹಿಂಗೇ ಕೊಡೋ ವಿಚಾರ ಮಾಡ್ತಿದೀವಿ ಅಂದರು. ಡು ಬೊಯಿಸ್ ಅದೇ ತಿಂಗಳು ಉತ್ತರ ಬರೆದರು. ಅವರ 1966ರ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ಮುಂಬೈಯಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದಕ್ಕೂ ಮೊದಲು, 1968ರಲ್ಲೇ, ನಮ್ಮ ಕಲಬುರಗಿಯಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದರು ಅನ್ನೋದು ನಮ್ಮ ಹುಡುಗರಿಗೇ ಗೊತ್ತಿಲ್ಲ. ಹೈದರಾಬಾದ್ ಕರ್ನಾಟಕದ ಇತಿಹಾಸ ಬೆಂಗಳೂರಿನವರು ಬರೆದರೆ ಹಿಂಗೇ ಆಗೋದು.

ಆಫೀಸಿನವರ ಅಮೆರಿಕ ಬೇರೆ. 2024ರಲ್ಲಿ ಅಲ್ಲಿ ಎಲೆಕ್ಷನ್ ನಡೆದಾಗ ನಮ್ಮ ಆಫೀಸಿನಲ್ಲಿ ಎರಡು ಪಕ್ಷ ಆದವು. ಕಮಲಾ ಹ್ಯಾರಿಸ್ ಅವರ ತಾಯಿ ತಮಿಳುನಾಡಿನ ಬ್ರಾಹ್ಮಣರ ಮನೆಯವರು ಅಂತ ‘ನಮ್ಮ ಹೆಣ್ಣುಮಗಳು’ ಅನ್ನೋರು ಕೆಲವರು. ಆಕೆಯ ಅಪ್ಪ ಜಮೈಕಾದ ಕಪ್ಪು ಮನುಷ್ಯ ಅನ್ನೋದು ಅವರಿಗೆ ನೆನಪಿಗೆ ಬರ್ತಿರಲಿಲ್ಲ. ಉಳಿದವರು ಟ್ರಂಪ್ ಕಡೆ. ಟ್ರಂಪ್ ಗೆದ್ದು 2025ರ ಜನವರಿಯಲ್ಲಿ ಕುರ್ಚಿಗೆ ಕುಂತ ಮೊದಲ ಎರಡೇ ದಿನದಲ್ಲಿ, ಸರಕಾರಿ ಗುತ್ತಿಗೆ ಹಿಡಿಯೋ ಕಂಪನಿಗಳು ತಾರತಮ್ಯ ಮಾಡಬಾರದು, ಹಿಂದುಳಿದವರನ್ನ ಸೇರಿಸಿಕೊಳ್ಳೋಕೆ ಕ್ರಮ ಕೈಗೊಳ್ಳಬೇಕು ಅಂತ 1965ರಲ್ಲಿ ಜಾನ್ಸನ್ ಹೊರಡಿಸಿದ್ದ ಆದೇಶ ರದ್ದು ಮಾಡಿದ. ಅದಕ್ಕೂ ಮೊದಲು 2023ರ ಜೂನಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ಪರಿಗಣಿಸೋದನ್ನ ನಿಲ್ಲಿಸಿತ್ತು. ‘ನೋಡ್ರಿ, ಅಮೆರಿಕದವರೇ ರಿಸರ್ವೇಷನ್ ತೆಗೆದ್ರು’ ಅಂತ ನನ್ನ ಮೇಜಿನ ಮುಂದೆ ಪೇಡೆ ಇಟ್ಟರು. ತಿಂದೆ, ಪೇಡೆಯದೇನು ತಪ್ಪು. ಫೆಬ್ರವರಿಯಲ್ಲಿ 104 ಭಾರತೀಯರನ್ನ ಕೈಕಾಲಿಗೆ ಬೇಡಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದರು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಅಂದರು. ಆವತ್ತು ಗುಂಪಿನಲ್ಲಿ ಮೌನ. ಅಳಿಯ ಮಗಳು ಅಲ್ಲಿರೋರ ಮುಖ ನೋಡಿದರೆ ಪಾಪ ಅನ್ನಿಸ್ತು. ಸುಳ್ಳಲ್ಲ, ನಿಜವಾಗಿಯೂ ಅನ್ನಿಸ್ತು. ಚರ್ಮ ನೋಡಿ ಹೊರಗೆ ನಿಲ್ಲಿಸಿದರೆ ಹೆಂಗಿರ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆದರೆ ಆ ಅಳಿಯ ಮಗಳು ಅಲ್ಲಿಗೆ ಏನು ಹೊತ್ತುಕೊಂಡು ಹೋದರು ಅನ್ನೋದೂ ನೋಡಬೇಕು. 2020ರಲ್ಲಿ ಕ್ಯಾಲಿಫೋರ್ನಿಯಾ ಸರಕಾರದ ಇಲಾಖೆಯೇ ಸಿಸ್ಕೋ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿತು. ಅದರಲ್ಲಿ ಹೆಸರಿಸಿದ್ದ ಇಬ್ಬರು ಮ್ಯಾನೇಜರ್‌ಗಳನ್ನ 2023ರಲ್ಲಿ ಕೈಬಿಟ್ಟರು, ಕಂಪನಿ ಮೇಲಿನದು ಉಳಿಯಿತು. ಕೋರ್ಟಿನ ಮಾತು ಕೋರ್ಟಿಗೆ. ಆದರೆ ಒಂದು ಸಂಗತಿ ನೋಡ್ರಿ. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರಸಭೆ, ಕ್ಷಮಾ ಸಾವಂತ್ ತಂದ ಮಸೂದೆಗೆ ಒಪ್ಪಿ, ಜಾತಿ ತಾರತಮ್ಯ ನಿಷೇಧಿಸಿದ ಅಮೆರಿಕದ ಮೊದಲ ನಗರ ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಆಯಿಷಾ ವಹಾಬ್ ಅಂಥದೇ ಮಸೂದೆ ತಂದರು, ಶಾಸನಸಭೆಯಲ್ಲಿ ಪಾಸಾಯ್ತು, ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ವೀಟೋ ಹಾಕಿದ. ಈಗಿನ ಕಾನೂನಿನಲ್ಲೇ ವಂಶದ ಆಧಾರದ ತಾರತಮ್ಯಕ್ಕೆ ನಿಷೇಧ ಐತಿ, ಹೊಸದು ಬ್ಯಾಡ ಅಂದ. ಎರಡೂ ಕಡೆ ವಿರೋಧಿಸೋಕೆ ಬೀದಿಗೆ ಇಳಿದವರು ಯಾರು? ನಮ್ಮ ದೇಶದಿಂದ ಹೋದವರೇ. ಅವರ ವಾದ: ಅಮೆರಿಕದಲ್ಲಿ ಜಾತಿ ಇಲ್ಲ, ಇಲ್ಲದ್ದನ್ನ ನಿಷೇಧಿಸೋದು ಯಾಕೆ? ಇಲ್ಲದ್ದನ್ನ ನಿಷೇಧಿಸಿದರೆ ಕಳಕೊಳ್ಳೋದೇನು ಅಂತ ಮಾತ್ರ ಹೇಳಲಿಲ್ಲ.

‘ನಮ್ಮಲ್ಲಿ ಇಲ್ಲ’ ಅನ್ನೋ ಈ ಮಾತು ಜಪಾನ್ ಮತ್ತು ಅಮೆರಿಕ ಎರಡನ್ನೂ ಒಂದೇ ಕಡೆ ತಂದ ಒಂದು ಪ್ರಸಂಗ ಐತಿ. 1979ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮ ಮತ್ತು ಶಾಂತಿಯ ಬಗ್ಗೆ ವಿಶ್ವ ಸಮ್ಮೇಳನ ನಡೀತು. ಅಲ್ಲಿ ಬುರಾಕು ಮಾತು ಬಂದಾಗ, ಜಪಾನಿನ ಸೋತೋ ಝೆನ್ ಬೌದ್ಧ ಪಂಥದ ಮುಖ್ಯಸ್ಥ ಮಾಚಿದಾ ಮುನೆಯೋ ಎದ್ದು ನಿಂತು, ಜಪಾನಿನಲ್ಲಿ ಅಂಥ ತಾರತಮ್ಯ ಈಗ ಇಲ್ಲವೇ ಇಲ್ಲ ಅಂದರು. ಊರಿಗೆ ಬಂದ ಮೇಲೆ ಬುರಾಕು ಸಂಘಟನೆ ಬಿಡಲಿಲ್ಲ. ನಿಮ್ಮದೇ ಗುಡಿಗಳ ದಫ್ತರ ತೆಗೀರಿ ಅಂದರು. ತೆಗೆದರೆ ಏನಿತ್ತು? ಜಪಾನಿನಲ್ಲಿ ಸತ್ತವರಿಗೆ ಬೌದ್ಧ ಗುಡಿಯಿಂದ ಹೊಸ ಹೆಸರು ಇಡ್ತಾರೆ, ಅದನ್ನ ಗೋರಿ ಕಲ್ಲಿನ ಮೇಲೆ ಕೆತ್ತಿಸ್ತಾರೆ. ಬುರಾಕು ಮಂದಿ ಸತ್ತಾಗ ಇಟ್ಟ ಹೆಸರುಗಳಲ್ಲಿ ‘ಪಶು’, ‘ಆಳು’ ಅನ್ನೋ ಅರ್ಥದ ಅಕ್ಷರ ಸೇರಿಸಿ ಕೆತ್ತಿದ್ದರು. ಸತ್ತ ಮೇಲೂ ಯಾವ ಓಣಿ ಅಂತ ಗೊತ್ತಾಗಬೇಕಲ್ಲ! ಮಾಚಿದಾ ತಮ್ಮ ಮಾತು ವಾಪಸ್ ತಗೊಂಡು ತಪ್ಪು ಒಪ್ಪಿಕೊಂಡರು. ಪಂಥದವರು ದಫ್ತರ, ಗೋರಿಕಲ್ಲು ಹುಡುಕಿ ಸರಿಪಡಿಸೋ ಕೆಲಸಕ್ಕೆ ಕೈಹಾಕಿದರು. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ ಜಾತಿಯನ್ನ ಚರ್ಚೆಗೆ ತರಬೇಡಿ ಅಂತ ನಮ್ಮ ಸರಕಾರ ಪಟ್ಟು ಹಿಡಿಯಿತು. ಅದು ನಮ್ಮ ಆಂತರಿಕ ವಿಷಯ ಅಂತ.

ಬುದ್ಧನ ಹೆಸರಲ್ಲೇ ಗೋರಿಕಲ್ಲಿಗೆ ಜಾತಿ ಕೆತ್ತಿದ್ದು ಓದಿದಾಗ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ದೀಕ್ಷೆ ತಗೊಂಡ ಮನೆ ನಮ್ಮದು. ಬುದ್ಧ ಇದ್ದಲ್ಲಿ ಜಾತಿ ಇಲ್ಲ ಅಂತ ನೂರು ಭಾಷಣದಲ್ಲಿ ಕೇಳಿದೀವಿ. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ಮೇಲೆ ಅಶೋಕನ ಹೆಸರೇ ಐತಿ, 1915ರಲ್ಲಿ ಅದು ಸಿಕ್ಕ ಮೇಲೇ ದೇವಾನಾಂಪ್ರಿಯ ಅಂದರೆ ಅಶೋಕ ಅಂತ ಲೋಕಕ್ಕೆ ಖಾತ್ರಿ ಆದದ್ದು. ನಾವು ಆ ಬಂಡೆಯ ವಾರಸುದಾರರು. ಆಮೇಲೆ ವಿಚಾರ ಮಾಡಿದೆ. 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತಗೊಳ್ಳುವಾಗ ಬಾಬಾಸಾಹೇಬರು ಹಳೆ ದೇಶಗಳ ಬೌದ್ಧಧರ್ಮನ್ನ ಹಂಗೇ ಎತ್ತಿಕೊಂಡು ಬರಲಿಲ್ಲ. 22 ಪ್ರತಿಜ್ಞೆ ತಾವೇ ಬರೆದರು. ಯಾಕೆ ಬರೆದರು ಅಂತ ಜಪಾನಿನ ಗೋರಿಕಲ್ಲು ನೋಡಿದಾಗ ತಿಳೀತು. ಅದೇ ಜಪಾನಿನಿಂದ ಬಂದ ಭಿಕ್ಖು ಸುರೈ ಸಸಾಯಿ ನಾಗಪುರದಲ್ಲಿ ನಮ್ಮ ಮಂದಿಯ ನಡುವೆಯೇ ಜೀವನ ಕಳೆದರು, ಬೋಧಗಯಾ ವಿಹಾರ ಬೌದ್ಧರ ಕೈಗೇ ಸಿಗಬೇಕು ಅಂತ 1992ರಿಂದ ಹೋರಾಡಿದರು. ಒಂದೇ ದೇಶದಿಂದ ಗೋರಿಕಲ್ಲೂ ಬಂತು, ಸಸಾಯಿಯವರೂ ಬಂದರು.

ಹುಡುಗಿಯ ಅರ್ಜಿಗೆ ಬರ್ತೀನಿ, ಅದು ಇನ್ನೂ ಮುಗಿದಿಲ್ಲ. ವಿಳಾಸದ ಕಾಲಂ ಬಂತು. ಆಧಾರ್‌ನಲ್ಲಿ ‘ಹರಿಜನವಾಡ’ ಅಂತ ಐತಿ. ಬುರಾಕು ಕಥೆ ಕೇಳಿದ ಹುಡುಗಿ ಆ ಪದದ ಮೇಲೆ ಬೆರಳಿಟ್ಟು, ‘ಕಾಕಾ, ಇದನ್ನ ತೆಗೆಸೋಕ ಬರ್ತೈತೇನು?’ ಅಂದಳು. ಅವಳಪ್ಪ ಫೋನಿನಲ್ಲಿದ್ದ, ಬೆಂಗಳೂರಿನ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಿಂದ. ‘ಬ್ಯಾಡವ್ವಾ, ಜಾತಿ ಸರ್ಟಿಫಿಕೇಟಿನಾಗೂ ಅದ ವಿಳಾಸ ಐತಿ. ನಿನ್ನ ತಮ್ಮನ ಸ್ಕಾಲರ್‌ಶಿಪ್ಪಿಗೆ ತಾಳೆ ಆಗಬೇಕು’ ಅಂದ.

ಇಬ್ಬರ ಮಾತೂ ಖರೆ. ಇಲ್ಲೇ ನಾವೂ ಜಪಾನಿನವರೂ ಬೇರೆ ಆಗೋದು. ಅವರ ಹೋರಾಟ ದಫ್ತರ ಮುಚ್ಚಿಸೋಕೆ, ನಮ್ಮದು ದಫ್ತರದಲ್ಲಿ ಸರಿಯಾಗಿ ಬರೆಸೋಕೆ. 2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದ ಒಳಮೀಸಲಾತಿ ಸಮೀಕ್ಷೆ ನಡೆದಾಗ ಮೂಲ ಜಾತಿ ಬರೆಸ್ರಿ, ಆದಿ ಕರ್ನಾಟಕ ಅಂತ ಅರ್ಧಕ್ಕೆ ಬಿಡಬ್ಯಾಡ್ರಿ ಅಂತ ನಾವೇ ಓಣಿ ಓಣಿ ತಿರುಗಿದೀವಿ. ಸಿಟಿಯಲ್ಲಿ ಬಾಡಿಗೆಗೆ ಇರೋ ನಮ್ಮವರೇ ಬಾಗಿಲು ಅರ್ಧ ತೆಗೆದು, ‘ಮೆಲ್ಲಕ ಮಾತಾಡ್ರಿ ಅಣ್ಣಾರ, ಓನರ್ ಕೆಳಗ ಅದಾರ’ ಅಂದದ್ದು ನಮ್ಮ ಕಿವಿಯಲ್ಲೇ ಐತಿ. ಬರೆಸದಿದ್ದರೆ ಪಾಲು ಇಲ್ಲ, ಬರೆಸಿದರೆ ಮನೆ ಇಲ್ಲ. ಓಣಿಯ ಹೆಸರು ಬದಲು ಮಾಡಿದರೆ ಆಯ್ತಲ್ಲ ಅಂತ ಕೆಲವರು ಹೇಳ್ತಾರೆ. ಎಷ್ಟೋ ಊರಲ್ಲಿ ಅಂಬೇಡ್ಕರ್ ನಗರ ಅಂತ ಮಾಡಿಯೂ ಆಗೈತಿ. ಈಗ ಬಾಡಿಗೆ ಕೊಡೋರಿಗೆ ಆ ಹೆಸರು ಸಾಕು, ಮನೆದೇವರ ತನಕ ಹೋಗಬೇಕಾಗಿಲ್ಲ.

ಇನ್ನು ಹುಡುಗಿಗೆ ಅಲ್ಲಿ ಯಾರೂ ಓಣಿ ಕೇಳಲ್ಲ, ಅವಳು ಹೊರದೇಶದವಳು. ಕೇಳೋದು ಬೇರೆ. 2025ರ ಜುಲೈನಲ್ಲಿ ಅಲ್ಲಿಯ ಮೇಲ್ಮನೆ ಚುನಾವಣೆಯಲ್ಲಿ ‘ಜಪಾನಿಯರೇ ಮೊದಲು’ ಅಂತ ಕೂಗಿದ ಪಕ್ಷವೊಂದು ಚೆನ್ನಾಗಿಯೇ ಸೀಟು ಗೆದ್ದಿದೆ. ಅಮೆರಿಕದ ಕೂಗೇ, ಭಾಷೆ ಬೇರೆ. ಇದನ್ನೂ ಅವಳಿಗೆ ಹೇಳಿದೀನಿ. ‘ಇರ್ಲಿ ಬಿಡ್ರಿ ಕಾಕಾ, ಅವರ ಮುದುಕರನ್ನ ಎತ್ತಿ ಕೂಡಿಸೋಕ ನಾವ ಬೇಕಲ್ಲ’ ಅಂದಳು.

ವಿಳಾಸ ಹಂಗೇ ಬಿಟ್ಟಳು, ಆಧಾರ್‌ನಲ್ಲಿದ್ದ ಹಂಗೆ. ತಮ್ಮನ ಓದು ಮುಗಿಯೋ ತನಕ ಅಂತ. ಅವಳ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಜಪಾನಿ ಲಿಪಿಯಲ್ಲಿ ಅಂಬೇಡ್ಕರ್ ಅಂತ ಬರೆದು ಅಭ್ಯಾಸ ಮಾಡಿದ್ದಾಳೆ. ಏಳು ಅಕ್ಷರ ಬೇಕಂತೆ, ಕೊನೆಗೆ ‘ಅಂಬೇಡೋಕರು’ ಅಂತ ಆಗ್ತದಂತೆ. ಡಿಸೆಂಬರಿನಲ್ಲಿ ಎನ್-4 ಅನ್ನೋ ಭಾಷಾ ಪರೀಕ್ಷೆ ಐತಿ. ಪುಸ್ತಕ ತುಟ್ಟಿ, ರಾಯಚೂರಿನಲ್ಲಿ ಸಿಗೋದೂ ಇಲ್ಲ. ಬೆಂಗಳೂರು, ಹೈದರಾಬಾದ್ ಕಡೆ ಇರೋ ಗೆಳೆಯರ ಹತ್ತಿರ ಜಪಾನಿ ಕಲಿಯೋ ಹಳೆ ಪುಸ್ತಕ ಇದ್ದರೆ ಇನ್‌ಬಾಕ್ಸಿಗೆ ಬರ್ರಿ, ಕೊರಿಯರ್ ಖರ್ಚು ನಾನು ಕೊಡ್ತೀನಿ.